ಗೇರ್ ಬಾಕ್ಸಿಗೆ ಒದ್ದೆ ಗೋಣಿ

ಮನೆಯ ಬಾಗಿಲು ಸಿಕ್ಕಿಕೊಂಡರೆ ನಾವೇನು ಮಾಡುತ್ತೇವೆ? ಹಿಡಿ ಹಿಡಿದು ತುಸು ಮೇಲಕ್ಕೆತ್ತುತ್ತೇವೆ, ಕೆಳಗೊಂದು ಒದೆ ಕೊಡುತ್ತೇವೆ, ಭುಜ ಆನಿಸಿ ನೂಕುತ್ತೇವೆ. ಅದು ಕಿರ್ರೆಂದು ಬೈದುಕೊಂಡು ತೆರೆಯುತ್ತದೆ. ಬಡಗಿಯನ್ನು ಕರೆಸಬೇಕು ಅಂದುಕೊಳ್ಳುತ್ತೇವೆ, ಮರೆಯುತ್ತೇವೆ. ನಾಳೆ ಮತ್ತೆ ಎತ್ತು, ಒದೆ, ನೂಕು. ಕೆಲವು ದಿನ ಕಳೆದರೆ ಅದು ಕೆಟ್ಟ ಬಾಗಿಲು ಎಂಬುದೇ ಮರೆತುಹೋಗಿ, 'ಆ ಬಾಗಿಲಿನ ಗುಣವೇ ಹಾಗೆ' ಎಂದಾಗುತ್ತದೆ.

ಈ ಕಥೆಯ ಬಾಗಿಲಿನ ಗುಣವೂ ಹಾಗೆಯೇ ಇತ್ತು. ಆದರೆ ಅದು ಮನೆಯ ಬಾಗಿಲಲ್ಲ, ಉಕ್ಕಿನ ಕಾರ್ಖಾನೆಯ ಕುಲುಮೆಯ ಬಾಗಿಲು. ಕಬ್ಬಿಣದ ಅಗಲವಾದ ಚೌಕಟ್ಟು, ಹೊಟ್ಟೆಯ ತುಂಬ ಬೆಂಕಿ ತಡೆಯುವ ಇಟ್ಟಿಗೆ; ಎರಡು ಜೀಪುಗಳನ್ನು ಕಟ್ಟಿ ನೇತುಹಾಕಿದಷ್ಟು ಭಾರ. ಅದು ಪಕ್ಕಕ್ಕೆ ತೆರೆಯುವುದಿಲ್ಲ. ಎರಡು ಹಳಿಗಳ ನಡುವೆ ಮೇಲಕ್ಕೇರುತ್ತದೆ, ಕೆಳಕ್ಕಿಳಿಯುತ್ತದೆ. ಏರಿಸಿ ಇಳಿಸುವ ಯಂತ್ರವೆಲ್ಲ ಕುಲುಮೆಯ ನೆತ್ತಿಯ ಮೇಲಿನ ಅಟ್ಟದಲ್ಲಿದೆ. ಅಲ್ಲೊಂದು ಮೋಟರು, ಅದಕ್ಕೊಂದು ಬ್ರೇಕು. ಮೋಟರಿನ ಓಟವನ್ನು ನಿಧಾನ ಮಾಡಿ ಬಲ ಹೆಚ್ಚಿಸುವ ಗೇರ್ ಬಾಕ್ಸು. ಗೇರ್ ಬಾಕ್ಸಿನಿಂದ ಇಳಿಬಿದ್ದ ಸರಪಳಿಗೆ ಬಾಗಿಲು.

ಈ ಬಾಗಿಲನ್ನು ನೋಡಿಕೊಳ್ಳುವವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದಿರಲೇಬೇಕು. ಆದರೆ ಕಾರ್ಖಾನೆಯಲ್ಲೂ ಕೇರಿಯಲ್ಲೂ ಅವನು ಬಾಗಿಲಪ್ಪ. ಉಕ್ಕಿನ ಕಾರ್ಖಾನೆಯಲ್ಲಿ ಸೊಕ್ಕಿಗೇನು ಬರ? ಬಾಗಿಲಪ್ಪನಿಗೂ ತನ್ನ ಪಾಲಿನದು ಇತ್ತು. ಬಾಗಿಲು ಅರ್ಧಕ್ಕೆ ನಿಂತರೆ ಮೋಟರು ಎಷ್ಟು ಗುಂಯ್ ಎಂದರೂ ಅಲ್ಲಾಡುತ್ತಿರಲಿಲ್ಲ. ಆಗ ಬಾಗಿಲಪ್ಪ ಉದ್ದನೆಯ ಹಾರೆ ಹಿಡಿದು ಬಾಗಿಲಿನ ಅಡಿಗೆ ಹೋಗುತ್ತಿದ್ದ. ಬೆಂಕಿಯಿಂದ ಮುಖ ಆಚೆ ತಿರುಗಿಸಿ, ಬಾಗಿಲಿಗೂ ಹಳಿಗೂ ನಡುವೆ ಹಾರೆಯ ಮೊನೆ ತೂರಿಸಿ, ಒಂದೇ ಮೀಟು. ದಡಕ್ಕನೆ ಬಾಗಿಲು ಸಡಿಲವಾಗುತ್ತಿತ್ತು, ಅವನು ಹೊರಗೆ ಜಿಗಿಯುತ್ತಿದ್ದ. ಸುತ್ತಲಿದ್ದವರು "ಭಲೆ!" ಎನ್ನುತ್ತಿದ್ದರು. ಫೋರ್‌ಮನ್ ಕೂಡ ಬೆನ್ನು ತಟ್ಟುತ್ತಿದ್ದ.

ಅವನದು ಇನ್ನೊಂದು ವೈದ್ಯವೂ ಇತ್ತು. ಗೇರ್ ಬಾಕ್ಸು ಮುಟ್ಟಲಾಗದಷ್ಟು ಕಾದಾಗ ಗೋಣಿಚೀಲವನ್ನು ನೀರಲ್ಲಿ ಅದ್ದಿ ಅದರ ಮೇಲೆ ಹೊದಿಸುವುದು. ಪಾಳಿ ಬದಲಾಗುವಾಗ "ಪಟ್ಟಿ ಹಾಕಿದ್ಯಾ?" ಎಂದು ಕೇಳಿಕೊಳ್ಳುವುದು ಆ ಕುಲುಮೆಯವರ ವಾಡಿಕೆಯೇ ಆಗಿತ್ತು. ಜ್ವರ ಬಂದ ಮಗುವಿನ ಹಣೆಗೆ ಒದ್ದೆ ಬಟ್ಟೆ ಇಡುವವರಿಗೆ ಅದರಲ್ಲಿ ತಪ್ಪೇನು ಕಾಣಬೇಕು?

ಬಾಗಿಲಪ್ಪನ ಜೊತೆ ಅವನ ಹೆಂಡತಿ ಮತ್ತು ತಮ್ಮ ಇದ್ದರು. ತಮ್ಮ ಅದೇ ಕುಲುಮೆಯ ಕೆಲಸಕ್ಕೆ ಸೇರಿ ಸ್ವಲ್ಪ ಕಾಲವಾಗಿತ್ತು. ಅವನ ಮದುವೆ ನಿಶ್ಚಯವಾಗಿತ್ತು. ಅಪ್ಪ ತೀರಿಕೊಂಡಾಗ ತಮ್ಮ ಇನ್ನೂ ಶಾಲೆಗೆ ಹೋಗುತ್ತಿದ್ದ; ಸಾಕಿ ದೊಡ್ಡವನನ್ನಾಗಿ ಮಾಡಿದ್ದು ಅಣ್ಣನೇ. ಹಾಗಾಗಿ ತಮ್ಮನಿಗೆ ಅಣ್ಣ ಮಾಡಿದ್ದೆಲ್ಲ ಸರಿ, ಅಣ್ಣ ಹಿಡಿದ ಹಾರೆಯೇ ಹಾರೆ.

ಒಂದು ರಜೆಯ ದಿನ ಸಂಜೆ ಬಾಗಿಲಪ್ಪ ಮನೆಯ ಹಿಂದಿನ ಮೆಟ್ಟಿಲ ಮೇಲೆ ಕೂತು ಬೇರೆಯವರ ಮಾತು, ಯಂತ್ರದ ಸದ್ದುಗಳ ನಕಲಿ ಮಾಡುತ್ತಿದ್ದ. ಈ ವಿದ್ಯೆಯಲ್ಲಿ ಅವನಿಗೆ ಕೇರಿಯಲ್ಲಿ ಸಮನಿರಲಿಲ್ಲ. ಮೊದಲು ಫೋರ್‌ಮನ್ ಬಂದ: "ಏಯ್, ಹೂಂ... ಯಾರಪ್ಪಾ ಅಲ್ಲಿ... ಹೂಂ... ನಿಂತಿದ್ದೀರಾ ಇಲ್ಲಾ ನಿದ್ದೆ ಮಾಡ್ತಿದ್ದೀರಾ?" ಮಾತಿಗೊಂದು ಗಂಟಲು ಕೆರೆತ. ಆಮೇಲೆ ಕಾರ್ಖಾನೆಯ ಸೈರನ್ನು. ಕೊನೆಗೆ ಎಲ್ಲರೂ ಕಾಯುವ ಐಟಂ, ಬಾಗಿಲು ಏರುವ ಸದ್ದು. ಕೆನ್ನೆ ಉಬ್ಬಿಸಿ, ಮೂಗಿನಲ್ಲಿ ಒಂದು ಸ್ವರ, ಗಂಟಲಲ್ಲಿ ಇನ್ನೊಂದು: "ಊಂಂಂ... ಗರ್ ಗರ್ ಗರ್... ಟಕ್. ಊಂಂಂ... ಗರ್ ಗರ್... ಟಕ್."

ತಮ್ಮ ಹೊಟ್ಟೆ ಹಿಡಿದು ನಕ್ಕ. ಪಕ್ಕದ ಮನೆಯ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸು ಮಾತ್ರ ನಗಲಿಲ್ಲ. ಕೈಯಲ್ಲಿದ್ದ ಒದ್ದೆ ಅಂಗಿಯನ್ನು ಹಾಗೇ ಹಿಡಿದು ನಿಂತಳು.

ಅವಳು ಅದೇ ಕಾರ್ಖಾನೆಯ ರಿಪೇರಿ ವಿಭಾಗಕ್ಕೆ ಬೇರೆ ಕಾರ್ಖಾನೆಯಿಂದ ಬಂದ ಫಿಟ್ಟರ್. ಕೇರಿಗೆಲ್ಲ ಫಿಟ್ಟರಕ್ಕ. ನೇರ ಮಾತು, ಕೆಲವರಿಗೆ ಅದು ಖಾರ.

"ಅಣ್ಣ, ಅದನ್ನ ಇನ್ನೊಂದು ಸಲ ಮಾಡಿ" ಎಂದಳು.

ಬಾಗಿಲಪ್ಪ ಹಿಗ್ಗಿದ. "ನೋಡ್ರೋ, ಫಿಟ್ಟರಕ್ಕನೇ ಒನ್ಸ್ ಮೋರ್ ಅಂತಿದ್ದಾಳೆ!" ಮತ್ತೆ ಮಾಡಿದ. ಊಂಂಂ... ಗರ್ ಗರ್... ಟಕ್.

"ಆ ಟಕ್ ಯಾವಾಗಿಂದ?"

"ಯಾವ ಟಕ್?"

"ಕೊನೆಗೆ ಬರುತ್ತಲ್ಲ, ಅದು."

"ಅದಾ? ಅದು ಮೊದಲಿಂದಲೂ ಇದೆಯಮ್ಮ. ಅದರ ಧಾಟಿನೇ ಹಾಗೆ."

ಕಾಳು ಆರಿಸುತ್ತ ಕೂತಿದ್ದ ಹೆಂಡತಿ ತಲೆಯೆತ್ತಿದಳು. "ಇಲ್ಲ ರೀ. ಮಳೆಗಾಲಕ್ಕೆ ಮುಂಚೆ ನೀವು ಮಾಡ್ತಿದ್ದಾಗ ಬರೀ ಊಂ ಅಂತಿತ್ತು. ಆಮೇಲೆ ಗರ್ ಸೇರ್ಕೊಂಡಿತು. ಟಕ್ ಈಚೆಗೆ ಬಂದಿದ್ದು. ದಿನಾ ಕೇಳೋ ಕರ್ಮ ನನಗಲ್ವಾ, ನನಗೆ ಗೊತ್ತಿಲ್ವಾ?"

ಬಾಗಿಲಪ್ಪನ ಬಾಯಿಗೆ ಗೊತ್ತಿದ್ದದ್ದು ತಲೆಗೆ ಹೋಗಿರಲಿಲ್ಲ.

ಫಿಟ್ಟರಕ್ಕ ಅಂಗಿಯನ್ನು ಬಕೆಟ್ಟಿಗೆ ಹಾಕಿ ಈಚೆ ಬಂದು ಮೆಟ್ಟಿಲ ಮೇಲೆ ಕೂತಳು. "ಅಣ್ಣ, ಗರ್ ಅಂದ್ರೆ ಹಲ್ಲಿಗೆ ಎಣ್ಣೆ ಇಲ್ಲ. ಟಕ್ ಅಂದ್ರೆ ಹಲ್ಲೇ ಇಲ್ಲ."

"ಬಾಗಿಲಿಗೆ ಹಲ್ಲು ಎಲ್ಲಿಂದ ಬಂತು? ಹಲ್ಲು ಬಿದ್ದಿರೋದು ನಮ್ಮ ಫೋರ್‌ಮನ್‌ಗೆ."

"ತಮಾಷೆ ಬೇಡ. ಗೇರ್ ಚಕ್ರದ ಹಲ್ಲು ಹೇಳ್ತಿದ್ದೀನಿ."

"ಎಣ್ಣೆ ತಿಂಗಳು ತಿಂಗಳು ಹಾಕ್ತಾರಲ್ಲಮ್ಮ."

"ಎಲ್ಲಾ ಕಡೆ ಹಾಕೋ ಮಾಮೂಲಿ ಎಣ್ಣೆ ತಾನೆ?" ಅವಳು ಒಳಗಿನ ಒಲೆಯತ್ತ ಬೆರಳು ತೋರಿಸಿದಳು. "ಅತ್ತಿಗೆ, ಬಾಣಲೆಗೆ ಎಣ್ಣೆ ಹಾಕಿದ ಕೂಡಲೇ ಹೆಂಗಿರುತ್ತೆ? ಕಾದ ಮೇಲೆ ಹೆಂಗಿರುತ್ತೆ?"

"ಕಾದ ಮೇಲೆ ನೀರಿನ ಥರ ಓಡಾಡುತ್ತೆ."

"ಗೇರ್ ಬಾಕ್ಸ್ ಒಳಗೂ ಅದೇ ಕಥೆ. ಎಣ್ಣೆ ಮಂದ ಇದ್ರೆ ಹಲ್ಲಿಗೂ ಹಲ್ಲಿಗೂ ನಡುವೆ ಒಂದು ಪೊರೆ ಥರ ನಿಲ್ಲುತ್ತೆ. ನೀರಾದ್ರೆ ಜಾರಿಹೋಗುತ್ತೆ. ಆಮೇಲೆ ಕಬ್ಬಿಣ ಕಬ್ಬಿಣವನ್ನೇ ತಿನ್ನೋದು. ನಿಮ್ಮ ಕುಕ್ಕರಿನ ರಬ್ಬರು ಹಳೇದಾದ್ರೆ ಏನಾಗುತ್ತೆ?"

"ಗಟ್ಟಿಯಾಗಿ ಬಿರುಕು ಬಿಡುತ್ತೆ, ಹಬೆ ಸೋರುತ್ತೆ. ಹೊಸದು ತರಿಸ್ತೀನಿ."

"ನೋಡಿದ್ರಾ ಅಣ್ಣ, ಅನ್ನ ಬೇಯಿಸೋ ಪಾತ್ರೆಗೆ ಇರೋ ಯೋಗ ನಿಮ್ಮ ಗೇರ್ ಬಾಕ್ಸಿಗೆ ಇಲ್ಲ. ಅದರೊಳಗೂ ರಬ್ಬರಿನ ಸೀಲ್ ಇದೆ. ಕುಲುಮೆಯ ಕಾವಿಗೆ ಅದು ಸುಟ್ಟು ಕರಕಲಾಗಿ, ಇರೋ ಎಣ್ಣೆನೂ ಸೋರಿಹೋಗ್ತಿರುತ್ತೆ. ತಣ್ಣಗಿನ ಜಾಗಕ್ಕೆ ಅಂತ ಮಾಡಿದ್ದನ್ನ ತಂದು ಬೆಂಕಿ ನೆತ್ತಿ ಮೇಲೆ ಕೂರಿಸಿದ್ದಾರೆ."

ತಮ್ಮ ನಡುವೆ ಬಾಯಿ ಹಾಕಿದ. "ಅದಕ್ಕೇ ಅಕ್ಕ, ನಾವು ಒದ್ದೆ ಗೋಣಿ ಹೊದಿಸೋದು. ಅಣ್ಣಂದೇ ಐಡಿಯಾ."

ಫಿಟ್ಟರಕ್ಕ ತಲೆಯ ಮೇಲೆ ಕೈ ಇಟ್ಟುಕೊಂಡಳು. "ಅಯ್ಯೋ, ಅದನ್ನೂ ಮಾಡ್ತಿದ್ದೀರಾ? ಗೇರ್ ಬಾಕ್ಸಿನ ತಲೆ ಮೇಲೆ ಉಸಿರಾಡೋಕೆ ಒಂದು ಸಣ್ಣ ತೂತು ಇರುತ್ತೆ. ನಿಮ್ಮ ಗೋಣಿ ನೀರು ಅದರಲ್ಲಿ ಇಳಿಯುತ್ತೆ. ಗೋಣಿ ಒಣಗಿದ ಮೇಲೆ? ಕಂಬಳಿ ಹೊದ್ದು ಬಿಸಿಲಲ್ಲಿ ಕೂತ ಹಾಗೆ. ಒಳಗಿನ ಕಾವು ಹೊರಗೂ ಹೋಗಲ್ಲ. ಜ್ವರ ಇಳಿಸೋಕೆ ಹೋಗಿ ಹೊಟ್ಟೆಗೆ ನೀರು ತುಂಬಿಸಿದ್ದೀರಿ."

ಬಾಗಿಲಪ್ಪನಿಗೆ ಇದು ನಾಟಿತು, ಅದಕ್ಕೇ ಸಿಟ್ಟು ಬಂತು. "ನೋಡಮ್ಮ, ನೀನು ನಿನ್ನೆ ಮೊನ್ನೆ ಬಂದವಳು. ಆ ಬಾಗಿಲು ನನ್ನ ಮಾತು ಕೇಳುತ್ತೆ. ನಾನು ಎಷ್ಟು ಸಲ ಅದರಡಿ ಹೋಗಿ ಬಂದಿಲ್ಲ? ಏನಾಯ್ತು? ಏನೂ ಆಗಲಿಲ್ಲ."

"ಏನೂ ಆಗಲಿಲ್ಲವಾ?" ಹೆಂಡತಿ ಅವನ ಬಲಗೈ ಎತ್ತಿ ತೋರಿಸಿದಳು. ಮಣಿಕಟ್ಟಿಗೆ ಬಿಗಿಯಾದ ಬ್ಯಾಂಡೇಜು. ಆ ವಾರವೇ ಹಾರೆ ಮೀಟಿದಾಗ ಬಾಗಿಲು ಎಂದಿಗಿಂತ ಜೋರಾಗಿ ಜಾರಿ, ಹಾರೆ ತಿರುಗಿ ಅವನ ಕೈಗೆ ಒದ್ದಿತ್ತು. ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿದ್ದರು.

"ಅದು ಬರೀ ಉಳುಕು."

ಫಿಟ್ಟರಕ್ಕ ಎದ್ದಳು. ಅವಳ ದನಿ ಈಗ ಮೆತ್ತಗಾಗಿತ್ತು. "ಒಂದೇ ಒಂದು ಕೇಳ್ತೀನಿ. ಬಾಗಿಲು ಅರ್ಧಕ್ಕೆ ನಿಂತಾಗ ಮೇಲಿನ ಸರಪಳಿ ಬಿಗಿಯಾಗಿರುತ್ತಾ, ಸಡಿಲವಾಗಿರುತ್ತಾ?"

"ಬಾಗಿಲಡಿ ಬೆಂಕಿ ಮುಂದೆ ನಿಂತವನು ತಲೆ ಎತ್ತಿ ಸರಪಳಿ ನೋಡ್ತಾನಾ?"

"ಯಾರಾದ್ರೂ ನೋಡ್ಲಿ. ಸಡಿಲ ಇದ್ರೆ ಬಾಗಿಲಿನ ಭಾರ ಗೇರಿನ ಮೇಲಿಲ್ಲ ಅಂತ ಅರ್ಥ. ಕಾವಿಗೆ ಡೊಂಕಾದ ಹಳಿಗೆ ಸಿಕ್ಕಿಕೊಂಡು ನಿಂತಿದೆ, ಅಷ್ಟೆ. ಆ ಹೊತ್ತಲ್ಲಿ ನೀವು ಹಾರೆ ಹಾಕಿ ಬಿಡಿಸ್ತೀರಲ್ಲ, ಅದನ್ನ ಹಿಡಿದಿರೋ ಒಂದೇ ಒಂದು ಕೈನ ನೀವೇ ಬಿಡಿಸ್ತಿದ್ದೀರಿ. ಆ ಗೇರ್ ಬಾಕ್ಸ್ ಬದಲಾಯಿಸಬೇಕು ಅಂತ ನಾನು ಕೆಲಸಕ್ಕೆ ಬಂದಾಗಲೇ ಮೇಲಿನವರಿಗೆ ಹೇಳಿದ್ದೀನಿ. ಶಾವಿಗೆ ಎಳೆದ ಹಾಗೆ ಎಳೀತಿದ್ದಾರೆ. ನೀವೂ ಒಂದು ಮಾತು ಹೇಳಿದ್ರೆ ತೂಕ ಬರುತ್ತೆ."

ಅವಳು ಹೋದ ಮೇಲೆ ಬಾಗಿಲಪ್ಪ ಅವಳ ನಕಲಿಯನ್ನೂ ಮಾಡಲು ಹೊರಟ: "ಟಕ್ ಅಂದ್ರೆ ಹಲ್ಲೇ ಇಲ್ಲ..." ತಮ್ಮ ನಕ್ಕ. ಹೆಂಡತಿ ಮೊರ ಎತ್ತಿಕೊಂಡು ಒಳಗೆ ಹೋದಳು.

ಬಾಗಿಲಪ್ಪ ಯಾರಿಗೂ ಏನೂ ಹೇಳಲಿಲ್ಲ. ನಾಳೆ ಹೇಳೋಣ ಅಂದುಕೊಂಡ. ನಾಳೆ ಫೋರ್‌ಮನ್ ಮುಖ ಸರಿಯಿರಲಿಲ್ಲ. ಮರುದಿನ ಕೆಲಸ ಹೆಚ್ಚಿತ್ತು. ಹೇಳದೆ ಇರಲು ಕಾರಣಕ್ಕೇನು ಕಡಿಮೆ?

ಆ ವಾರ ಕೈ ಉಳುಕಿನಿಂದಾಗಿ ಬಾಗಿಲಪ್ಪನನ್ನು ಸ್ವಿಚ್ಚುಗಳ ಪೆಟ್ಟಿಗೆಯ ಹತ್ತಿರ ನಿಲ್ಲಿಸಿದ್ದರು. ಕುಲುಮೆಯಿಂದ ದೂರ, ಅಪಾಯದ ಜಾಗಕ್ಕೆ ಎಳೆದ ಹಳದಿ ಗೆರೆಯ ಈಚೆ. ಬಾಗಿಲಿನ ಹತ್ತಿರದ ಕೆಲಸ ತಮ್ಮನದಾಗಿತ್ತು.

ಮಧ್ಯಾಹ್ನದ ಊಟ ಮುಗಿಸಿ ಬಂದ ಹೊತ್ತಿಗೆ ಕುಲುಮೆಯೊಳಗಿನ ಉಕ್ಕಿನ ದಿಮ್ಮಿಗಳು ಹದಕ್ಕೆ ಕಾದಿದ್ದವು. ಆಚೆ ಕಡೆ ದಿಮ್ಮಿಗಳನ್ನು ಒತ್ತಿ ಉದ್ದ ಮಾಡುವ ರೋಲಿಂಗ್ ಯಂತ್ರದವರು ಬರಲಿ ಬರಲಿ ಎಂದು ಕೈ ಬೀಸುತ್ತಿದ್ದರು. ಬಾಗಿಲಪ್ಪ ಗುಂಡಿ ಒತ್ತಿದ. ಊಂಂಂ... ಗರ್ ಗರ್... ಟಕ್. ಬಾಗಿಲು ಅರ್ಧಕ್ಕೆ ಏರಿ ಒಂದು ಗೇಣು ಕುಸಿದು ನಿಂತಿತು. ಕೆಳಗಿನ ಕಂಡಿಯಿಂದ ಕಿತ್ತಳೆ ಬೆಳಕು ನೆಲದುದ್ದಕ್ಕೂ ಚೆಲ್ಲಿತು. ಮತ್ತೆ ಒತ್ತಿದ. ಮೋಟರು ಓಡಿತು, ಬಾಗಿಲು ಅಲ್ಲಾಡಲಿಲ್ಲ.

"ಏಯ್, ಹೂಂ... ಏನಪ್ಪಾ ಅದು! ಒಳಗೆ ಮಾಲು ಸುಟ್ಟುಹೋಗುತ್ತೆ! ಬಿಡಿಸ್ರೋ!" ಫೋರ್‌ಮನ್ ಓಡಿ ಬಂದ.

ತಮ್ಮ ಅಣ್ಣನ ಕಡೆ ತಿರುಗಿ ಕೂಗಿದ. "ಅಣ್ಣ, ನಿನ್ನ ಕೈ ಸರಿಯಿಲ್ಲ. ಇವತ್ತು ನಾನು!" ಗೋಡೆಗೆ ಒರಗಿಸಿದ್ದ ಹಾರೆಯನ್ನು ಎತ್ತಿಕೊಂಡ. ಮುಖದ ಮೇಲೆ ನಗೆ. ಎಷ್ಟೋ ದಿನದಿಂದ ಕಾಯುತ್ತಿದ್ದ ಪಾತ್ರ ಸಿಕ್ಕಿದ ನಟನ ಹಾಗೆ.

ಬಾಗಿಲಪ್ಪ ಆ ಹಾರೆ ಹಿಡಿದು ಎಷ್ಟೋ ಸಲ ಹೋಗಿದ್ದ. ಆದರೆ ಹೋಗುವವನನ್ನು ದೂರದಿಂದ ನೋಡಿದ್ದು ಇದೇ ಮೊದಲು. ತಮ್ಮ ಬಾಗಿದ. ಅವನ ಬಗ್ಗಿದ ಕತ್ತಿನ ಮೇಲೆ ಬಾಗಿಲಿನ ಕೆಳ ಅಂಚು. ಚಿಕ್ಕಂದಿನಲ್ಲಿ ಕ್ಷೌರ ಮಾಡಿಸಲು ಕರೆದುಕೊಂಡು ಹೋಗುವಾಗ ನೋಡುತ್ತಿದ್ದ ಅದೇ ಕತ್ತು. ಬಾಗಿಲಪ್ಪನಿಗೆ ಗೊತ್ತಿಲ್ಲದೆಯೇ ಅವನ ಕಣ್ಣು ಮೇಲಕ್ಕೆ ಹೋಯಿತು.

ಸರಪಳಿ ಸಡಿಲವಾಗಿತ್ತು. ಬಟ್ಟೆ ಒಣಹಾಕುವ ಹಗ್ಗದ ಹಾಗೆ ಜೋತುಬಿದ್ದು, ಕಾವಿನ ಗಾಳಿಗೆ ಮೆಲ್ಲನೆ ತೂಗಾಡುತ್ತಿತ್ತು.

"ಬೇಡ!" ಎಂದು ಕಿರುಚಿದ. ಆ ಗದ್ದಲದಲ್ಲಿ ಊರಿನವರೆಲ್ಲ ಸೇರಿ ಕಿರುಚಿದರೂ ಕೇಳುತ್ತಿರಲಿಲ್ಲ. ಕೆಂಪು ಗುಂಡಿಯನ್ನು ಅಂಗೈಯಿಂದ ಬಡಿದು ಎಲ್ಲವನ್ನೂ ನಿಲ್ಲಿಸಿದ. ಹಳದಿ ಗೆರೆ ದಾಟಿ ಓಡಿದ. ತಮ್ಮ ಹಾರೆಯ ಮೊನೆಯನ್ನು ಸಂದಿಗೆ ತೂರಿಸುತ್ತಿದ್ದ. ಬಾಗಿಲಪ್ಪ ಹಿಂದಿನಿಂದ ಅವನ ಸೊಂಟದ ಪಟ್ಟಿ ಹಿಡಿದು, ಉಳುಕಿದ ಕೈಯ ನೋವನ್ನೂ ಮರೆತು ಎಳೆದ. ಇಬ್ಬರೂ ನೆಲಕ್ಕೆ ಬಿದ್ದರು. ಹಾರೆ ಠಣ್ಣೆಂದು ಉರುಳಿತು.

"ಏನಣ್ಣ ಇದು!" ತಮ್ಮ ಕೆಂಡಾಮಂಡಲವಾದ. "ಎಲ್ಲರೆದುರು ಚಿಕ್ಕ ಹುಡುಗನ ಥರ ಎಳೀತೀಯಾ?"

"ಬಾಗಿಲಡಿ ಹೋಗಬೇಡ."

"ನೀನು ಹೋಗ್ತಿರಲಿಲ್ವಾ?"

"ಹೋಗ್ತಿದ್ದೆ."

"ನಿನಗೇನಾಯ್ತು? ಏನೂ ಆಗಲಿಲ್ಲ ಅಂತ ನೀನೇ ಹೇಳ್ತಿದ್ದೆ!"

ಫೋರ್‌ಮನ್ ಬಂದು ನಿಂತ. "ಹೂಂ... ಯಾಕಪ್ಪಾ ನಿಲ್ಲಿಸಿದ್ದು? ಮೇಲಿನವರಿಗೆ ಏನು ಹೇಳಲಿ ನಾನು? ನೀನೇ ಹಿಂಗೆ ಮಾಡಿದ್ರೆ?"

"ನಾನು ನಿಲ್ಲಿಸಿದೆ ಅಂತ ಹೇಳಿ" ಎಂದ ಬಾಗಿಲಪ್ಪ. "ಫಿಟ್ಟರಕ್ಕನ್ನ ಕರೆಸಿ. ಅವಳು ನೋಡೋ ತನಕ ಇದರಡಿ ಯಾರೂ ಹೋಗೋದಿಲ್ಲ. ಹೋಗಲೇಬೇಕು ಅಂದ್ರೆ ಸರ್, ನೀವು ಮೊದಲು ಹೋಗಿ. ನಿಮ್ಮ ಹಿಂದೆ ನಾನು ಬರ್ತೀನಿ."

ಫೋರ್‌ಮನ್ ಬಾಗಿಲನ್ನು ನೋಡಿದ. ಸರಪಳಿಯನ್ನು ನೋಡಿದ. ಗಂಟಲು ಕೆರೆಯುವುದನ್ನೂ ಮರೆತ. "ಕರೆಸ್ರೋ" ಎಂದ.

ಫಿಟ್ಟರಕ್ಕ ಬಂದವಳು ಯಾರನ್ನೂ ಬೈಯಲಿಲ್ಲ. ಕುಲುಮೆಯ ಉರಿ ತಗ್ಗಿಸಲು ಹೇಳಿದಳು. ಎಲ್ಲರನ್ನೂ ಗೆರೆಯ ಈಚೆ ಕಳಿಸಿದಳು. ಅವಳ ವಿಭಾಗದವರು ದಪ್ಪ ಕಬ್ಬಿಣದ ಎರಡು ಆಸರೆ ಕಂಬಗಳನ್ನು ಉದ್ದ ಕೊಕ್ಕೆಗಳಿಂದ ಪಕ್ಕದಿಂದಲೇ ತಳ್ಳಿ ಬಾಗಿಲಿನ ಎರಡು ಮೂಲೆಗಳ ಕೆಳಗೆ ನಿಲ್ಲಿಸಿದರು. ಒಬ್ಬರ ಬೆರಳೂ ಬಾಗಿಲಿನ ನೆರಳಿಗೆ ಹೋಗಲಿಲ್ಲ. ಆಮೇಲೆ ಅವಳು ದೂರದಿಂದಲೇ, ಹಳಿಯ ಹೊರಮೈಗೆ, ಉದ್ದನೆಯ ಕಂಬಿಯಿಂದ ಒಮ್ಮೆ ತಟ್ಟಿದಳು. ಮೀಟಿದ್ದೂ ಅಲ್ಲ, ಬರೀ ತಟ್ಟಿದ್ದು.

ಬಾಗಿಲು ಬಿತ್ತು.

ಆ ಸದ್ದನ್ನು ಬಾಗಿಲಪ್ಪ ಮುಂದೆಂದೂ ನಕಲಿ ಮಾಡಲಿಲ್ಲ. ನೆಲ ಅದುರಿತು. ಇಟ್ಟಿಗೆಯ ಧೂಳು ಎದ್ದು ಬೆಳಕನ್ನೆಲ್ಲ ನುಂಗಿತು. ಧೂಳು ಇಳಿದಾಗ ಬಾಗಿಲು ಆ ಎರಡು ಕಂಬಗಳ ಮೇಲೆ ಕೂತಿತ್ತು, ಒಂದು ಕಂಬದ ತಲೆ ಅಣಬೆಯ ಹಾಗೆ ಚಪ್ಪಟೆಯಾಗಿತ್ತು. ಸರಪಳಿ ಸದ್ದಿಲ್ಲದೆ ಹಿಂದೆಯೇ ಇಳಿದು ಬಂತು. ಅದಕ್ಕೆ ಏನನ್ನೂ ಹಿಡಿಯುವ ಮನಸ್ಸೇ ಇದ್ದಂತಿರಲಿಲ್ಲ.

"ಬ್ರೇಕು ಇತ್ತಲ್ಲ..." ಎಂದ ಫೋರ್‌ಮನ್.

"ಈಗಲೂ ಇದೆ ಸರ್. ಬ್ರೇಕ್ ಹಿಡಿಯೋದು ಮೋಟರನ್ನ. ಮೋಟರಿಗೂ ಸರಪಳಿಗೂ ನಡುವೆ ಇರೋ ಹಲ್ಲು ಹೋದ್ರೆ ಬ್ರೇಕ್ ಯಾರನ್ನ ಹಿಡಿಯಬೇಕು?"

ಸಂಜೆ ತಣ್ಣಗಾದ ಮೇಲೆ ಅಟ್ಟ ಹತ್ತಿ ಗೇರ್ ಬಾಕ್ಸಿನ ಮುಚ್ಚಳ ಬಿಚ್ಚಿದರು. ಎಣ್ಣೆ ಎಣ್ಣೆಯ ಬಣ್ಣದಲ್ಲಿರಲಿಲ್ಲ. ಹಾಲು ಹೆಚ್ಚಾದ ಚಹದಂತೆ ಬೆಳ್ಳಗೆ, ಮೇಲೆ ನೊರೆ. ಚಕ್ರದ ಒಂದು ಮಗ್ಗುಲಲ್ಲಿ ಹಲ್ಲುಗಳು ಸವೆದು ಚೂಪಾಗಿದ್ದವು, ಇನ್ನೊಂದು ಮಗ್ಗುಲಲ್ಲಿ ಇರಲೇ ಇಲ್ಲ. ಫಿಟ್ಟರಕ್ಕ ತಳದಿಂದ ಮುರಿದ ಒಂದು ಹಲ್ಲನ್ನು ಎತ್ತಿ, ಒರೆಸಿ, ಬಾಗಿಲಪ್ಪನ ಅಂಗೈಯಲ್ಲಿಟ್ಟಳು.

"ಇದು ನೀರಿಂದ ಆಗಿದ್ದಾ?" ಅವನು ಕೇಳಿದ.

"ಕಾವು ಶುರು ಮಾಡಿತು. ನೀರು ಬೇಗ ಮುಗಿಸ್ತು."

"ಅಂದ್ರೆ ನಾನು ಹಾಕಿದ ಗೋಣಿ."

"ಗೋಣಿ ಹಾಕೋ ಹಾಗೆ ಮಾಡಿಟ್ಟವರು ಬೇರೆ ಇದ್ದಾರೆ ಅಣ್ಣ. ಬೆಂಕಿ ಪಕ್ಕ ಇಡೋದಕ್ಕೆ ಬೆಂಕಿ ತಡೆಯೋ ಗೇರ್ ಬಾಕ್ಸನ್ನೇ ತರಬೇಕಿತ್ತು. ಆ ತಪ್ಪು ನಿಮ್ಮೊಬ್ಬರ ತಲೆಗೆ ಕಟ್ಟೋದಿಲ್ಲ. ಆದ್ರೆ ಕೆಟ್ಟಿದ್ದು ಗೊತ್ತಾದ ಮೇಲೂ ಸುಮ್ಮನಿದ್ದದ್ದು ನಮ್ಮದು. ನಾನೂ ಒಂದು ಸಲ ಹೇಳಿ ಸುಮ್ಮನಾದೆ. ಹತ್ತು ಸಲ ಹೇಳಬೇಕಿತ್ತು."

ರಾತ್ರಿ ಅಣ್ಣ ತಮ್ಮ ಊಟಕ್ಕೆ ಕೂತರು. ಹೆಂಡತಿಗೆ ಸುದ್ದಿ ಕೇರಿಯಿಂದಲೇ ತಲುಪಿತ್ತು. ತಟ್ಟೆ ಇಟ್ಟಳು, ಬಡಿಸಿದಳು. ತಮ್ಮ ತುತ್ತು ಕಲಸುತ್ತಲೇ ಕೂತಿದ್ದ.

"ಊಟ ಮಾಡೋ" ಎಂದಳು ಅತ್ತಿಗೆ.

"ಅಣ್ಣ," ತಮ್ಮ ತಟ್ಟೆಯನ್ನೇ ನೋಡುತ್ತ ಹೇಳಿದ, "ಫಿಟ್ಟರಕ್ಕ ಅಷ್ಟೆಲ್ಲ ಹೇಳಿದಾಗ ನನಗೆ ಒಳಗೊಳಗೆ ಹೆದರಿಕೆ ಆಗಿತ್ತು. ಆದ್ರೆ ನಿನಗೆ ಇಷ್ಟು ದಿನ ಏನೂ ಆಗಿರಲಿಲ್ಲವಲ್ಲ. ಅದಕ್ಕೇ ನಾನು ನಂಬಿದ್ದು. ಅವಳ ಮಾತಿಗಿಂತ ಅದನ್ನೇ ನಂಬಿದ್ದು."

ತಾನು ತಮ್ಮನಿಗೆ ಕಲಿಸಿದ್ದು ಹಾರೆ ಹಿಡಿಯುವುದನ್ನಲ್ಲ, ಈ ನಂಬಿಕೆಯನ್ನು ಎಂದು ಬಾಗಿಲಪ್ಪನಿಗೆ ಆಗ ಹೊಳೆಯಿತು. ಉಳುಕಿದ ಕೈಯನ್ನು ಚಾಚಿ ತಮ್ಮನ ಕತ್ತಿನ ಹಿಂಭಾಗದ ಮೇಲೆ ಇಟ್ಟ. ಬಹಳ ಹೊತ್ತು ತೆಗೆಯಲಿಲ್ಲ.

"ಕೈ ತೆಗಿ ಅಣ್ಣ, ಅನ್ನ ಮೆತ್ತಿದೆ" ಎಂದ ತಮ್ಮ.

"ಮೆತ್ತಲಿ ಬಿಡು" ಎಂದಳು ಅತ್ತಿಗೆ. ಸೆರಗಿನಿಂದ ಕಣ್ಣೊರೆಸಿಕೊಂಡು ಇಬ್ಬರಿಗೂ ಇನ್ನೊಂದು ಸೌಟು ಬಡಿಸಿದಳು.

ಮರುದಿನ ಬಾಗಿಲಪ್ಪ, ಫಿಟ್ಟರಕ್ಕ, ಪಾಳಿಯವರು ಎಲ್ಲರೂ ಸುರಕ್ಷತಾ ಸಮಿತಿಯ ಮುಂದೆ ನಿಂತರು. ಮುರಿದ ಹಲ್ಲನ್ನು ಮೇಜಿನ ಮೇಲಿಟ್ಟರು. ಮೇಲಿನವರು ಮೊದಲು ಮುಖ ಗಂಟು ಹಾಕಿದರು. ನಷ್ಟ, ತಡ, ಮುಂದಿನ ವರ್ಷ ನೋಡೋಣ ಎಂದರು. ಆಗ ಮಾತಾಡಿದ್ದು ಫೋರ್‌ಮನ್. "ಸರ್, ಆ ಹುಡುಗನನ್ನ ಒಳಗೆ ಕಳಿಸ್ತಿದ್ದವನು ನಾನು. ಅವನಣ್ಣ ಓಡಿ ಬರದಿದ್ರೆ ಇವತ್ತು ನಾನು ಅವರ ಮನೆ ಬಾಗಿಲಲ್ಲಿ ನಿಂತಿರಬೇಕಿತ್ತು. ಏನಂತ ಹೇಳ್ತಿದ್ದೆ?" ಅಷ್ಟು ಹೇಳಿ ಕೂತುಬಿಟ್ಟ. ಮೇಲಿನವರು ಒಪ್ಪಿದರು; ಹೊಸ ಗೇರ್ ಬಾಕ್ಸು ಬರುವ ತನಕ ಆ ಕುಲುಮೆ ಆರಿಯೇ ಇತ್ತು.

ಬಂದದ್ದು ಕಾವು ತಡೆಯಲೆಂದೇ ಮಾಡಿದ್ದು. ಕಾದರೂ ನೀರಾಗದ ಎಣ್ಣೆ. ಸುಟ್ಟು ಕರಕಲಾಗದ ಸೀಲು. ಬಿಸಿಗೆ ಕಬ್ಬಿಣ ಹಿಗ್ಗಿದರೆ ಇರಲಿ ಎಂದು ಒಳಗೆ ಅಳೆದು ಬಿಟ್ಟ ಜಾಗ. ಕುಲುಮೆಗೂ ಅದಕ್ಕೂ ನಡುವೆ ಗಾಳಿಯಾಡುವಂತೆ ನಿಲ್ಲಿಸಿದ ತಗಡಿನ ಮರೆ. ಬಾಗಿಲು ತಾನಾಗಿ ಕೆಳಕ್ಕೆ ಜಾರಿದರೆ ಸರಪಳಿಯ ಗಾಲಿಯನ್ನೇ ಕಚ್ಚಿ ನಿಲ್ಲಿಸುವ ಇನ್ನೊಂದು ಹಿಡಿತ. ಡೊಂಕಾದ ಹಳಿಗಳನ್ನೂ ಬದಲಾಯಿಸಿದರು.

ಬಾಗಿಲು ಈಗ ಊಂ ಎನ್ನುವುದೂ ಕಡಿಮೆ. "ನಿಮ್ಮ ಐಟಂಗೆ ಕಲ್ಲು ಬಿತ್ತು" ಎಂದು ಹೆಂಡತಿ ಕೆಣಕಿದಳು. ಬಾಗಿಲಪ್ಪ ನಕ್ಕ. ಆದರೆ ಹೊಸ ಗೇರ್ ಬಾಕ್ಸು ಬಂತೆಂದು ಅವನು ಬಾಗಿಲಿನ ಅಡಿಗೆ ಹೋಗಲು ಯಾರನ್ನೂ ಬಿಡುವುದಿಲ್ಲ. ಪಾಳಿಗೆ ಹೊಸಬರು ಬಂದರೆ ಗೆರೆಯ ಬಳಿ ನಿಲ್ಲಿಸಿ ಹೇಳುತ್ತಾನೆ: "ಇದು ಒಳ್ಳೆ ಬಾಗಿಲು. ಒಳ್ಳೆಯದಾದರೂ ಇದರಡಿ ನಿಲ್ಲಬೇಡಿ. ಹೋಗಲೇಬೇಕಾದರೆ ಮೊದಲು ಕರೆಂಟು ತೆಗೆಸಿ, ಆಸರೆ ಕಂಬ ಹಾಕಿಸಿ, ಆಮೇಲೆ. ನಾನು ಶೂರ ಅಂತ ಯಾರಾದ್ರೂ ನಿಮಗೆ ಹೇಳಿದ್ರೆ ನಂಬಬೇಡಿ. ನಾನು ಬದುಕಿ ಉಳಿದವನು, ಅಷ್ಟೇ."

ಅಣ್ಣಂದಿರೇ, ಅಕ್ಕಂದಿರೇ, ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲೂ ಕುಲುಮೆಯ ಮುಂದೆ, ಭಾರವಾದ ಬಾಗಿಲಿನ ಪಕ್ಕ, ಕಾದ ಯಂತ್ರದ ಕೆಳಗೆ ನಿಂತು ದುಡಿಯುವವರು ಇರಬಹುದು. ಇವತ್ತು ಅವರು ಕೆಲಸದಿಂದ ಬಂದಾಗ ಒಂದು ಮಾತು ಕೇಳಿ: ನಿನ್ನ ಯಂತ್ರ ಮೊದಲಿಗಿಂತ ಬೇರೆ ಸದ್ದು ಮಾಡುತ್ತಿದೆಯಾ? ಎಣ್ಣೆ ಸೋರುತ್ತಿದೆಯಾ? ಬಾಗಿಲು ನಡುವೆ ನಿಂತು ಕುಸಿಯುತ್ತಿದೆಯಾ? ಹೌದು ಎಂದರೆ, ಅದರ ಗುಣವೇ ಹಾಗೆ ಎಂದು ಬಿಟ್ಟುಬಿಡಬೇಡಿ. ನೀರು ಎರಚಬೇಡಿ, ಗೋಣಿ ಹೊದಿಸಬೇಡಿ, ಹಾರೆ ಹಿಡಿಯಬೇಡಿ. ಯಂತ್ರ ನಿಲ್ಲಿಸಿ, ಹಳದಿ ಗೆರೆಯ ಈಚೆ ಬನ್ನಿ, ಫಿಟ್ಟರನ್ನು ಕರೆಯಿರಿ. ಕಾವಿನ ಜಾಗಕ್ಕೆ ಕಾವು ತಡೆಯುವ ಗೇರ್ ಬಾಕ್ಸನ್ನೇ ಹಾಕಿ ಎಂದು ಸುರಕ್ಷತಾ ಸಮಿತಿಯನ್ನು ಕೇಳಿ. ಒಬ್ಬರೇ ಕೇಳಲು ಹಿಂಜರಿಕೆಯಾದರೆ ಪಾಳಿಯವರೆಲ್ಲ ಸೇರಿ ಕೇಳಿ. ಒಮ್ಮೆ ಹೇಳಿ ಆಗದಿದ್ದರೆ ಮತ್ತೆ ಹೇಳಿ.

ಇಷ್ಟು ದಿನ ಏನೂ ಆಗಲಿಲ್ಲ ಎಂಬ ಮಾತು ನಿಮ್ಮ ನಾಲಗೆಗೆ ಬಂದರೆ, ಅದನ್ನು ಕೇಳಿ ನಂಬಿಕೊಂಡು ನಿಮ್ಮ ಹಿಂದೆ ಬರುತ್ತಿರುವವರು ಯಾರು ಎಂದು ಒಮ್ಮೆ ತಿರುಗಿ ನೋಡಿ.